ಮಾತ್ರೆ, ಕಾಲಿನ ಸೂಜಿ, ಬೊಟಾಕ್ಸ್, ಬೆನ್ನಿನ ಯಂತ್ರ: ನಾಲ್ಕನ್ನೂ ನೋಡಿಯಾಯಿತು

ನ್ಯೂಜೆರ್ಸಿಯ ನಮ್ಮ ಮನೆಯಿಂದ ಆಫೀಸಿಗೆ ನಲವತ್ತು ನಿಮಿಷದ ದಾರಿ. ಯಾವ ಗ್ಯಾಸ್ ಸ್ಟೇಷನ್ನಿನ ಟಾಯ್ಲೆಟ್‌ಗೆ ಕೀ ಕೇಳಬೇಕು, ಯಾವುದು ಸದಾ ತೆರೆದಿರುತ್ತದೆ ಅಂತ ನನಗೆ ಬಾಯಿಪಾಠ. ಒಂದಕ್ಕೆ ಹೋಗಬೇಕು ಅನ್ನಿಸಿತೋ ಮುಗಿಯಿತು, ಎರಡು ನಿಮಿಷವೂ ತಡೆಯಲು ಆಗುತ್ತಿರಲಿಲ್ಲ.

ಈ ಅವಸರಕ್ಕೆ ಚಿಕಿತ್ಸೆ ಶುರು ಮಾಡಿದ್ದು ಮಾತ್ರೆಯಿಂದ. ಆಕ್ಸಿಬ್ಯುಟಿನಿನ್ ನುಂಗಿದರೆ ಬಾಯಿ ಒಣಗಿ ಕಟ್ಟಿಗೆಯಾಗುತ್ತಿತ್ತು. ಬಾಯಾರಿಕೆ ಅಂತ ನೀರು ಕುಡಿಯುವುದು, ಕುಡಿದಿದ್ದಕ್ಕೆ ಮತ್ತೆ ಓಡುವುದು. ಯಾವ ನ್ಯಾಯ ಇದು! ಮಿರಾಬೆಗ್ರಾನ್ ಅನ್ನುವ ಇನ್ನೊಂದು ಮಾತ್ರೆಯಲ್ಲಿ ಆ ಕಾಟ ಇರಲಿಲ್ಲ, ಆದರೆ ಮೊದಲೇ ಇದ್ದ ಬಿಪಿ ಇನ್ನೂ ಏರಿತು. ಬಿಟ್ಟೆ.

ಆಮೇಲೆ ಕಾಲಿನ ಸೂಜಿ. ಪಾದದ ಗಂಟಿನ ಮೇಲೆ, ಒಳಬದಿಗೆ ಸಣ್ಣ ಸೂಜಿ ಚುಚ್ಚಿ ಅರ್ಧ ಗಂಟೆ ಕರೆಂಟ್ ಬಿಡುತ್ತಾರೆ. ಅಲ್ಲಿ ಹೋಗುವ ನರ ಮತ್ತು ಮೂತ್ರಚೀಲದ ನರ ಎರಡಕ್ಕೂ ಬುಡ ಬೆನ್ನಿನ ಕೆಳಗೇ. ನೋವಿಲ್ಲ, ಬರೀ ಜುಮುಜುಮು. ವಾರಕ್ಕೊಂದರಂತೆ 12 ಸಲ, ಗುಣ ಕಂಡರೆ ಆಮೇಲೆ ತಿಂಗಳಿಗೊಮ್ಮೆ. ದಿನಕ್ಕೆ 14 ಸಲ ಹೋಗುತ್ತಿದ್ದವಳು 11ಕ್ಕೆ ಇಳಿದೆ. ಅಷ್ಟಕ್ಕೆ ಪ್ರತಿ ವಾರ ಅರ್ಧ ದಿನ ರಜೆ. ಕ್ಲಿನಿಕ್‌ಗೆ ಹೋಗುವ ದಾರಿಯಲ್ಲೂ ಕಾರು ನಿಲ್ಲಿಸಬೇಕಾಗುತ್ತಿತ್ತು, ನಗು ಬರುತ್ತೆ ಅಲ್ವಾ?

ಬೊಟಾಕ್ಸ್ ಬೇಗ ಕೆಲಸ ಮಾಡಿತು. ಸ್ನಾಯು ಸಡಿಲಿಸುವ ಈ ಔಷಧಿಯನ್ನು ಮೂತ್ರಚೀಲದ ಗೋಡೆಗೇ ಚುಚ್ಚುತ್ತಾರೆ, 100 ಯೂನಿಟ್, ಹತ್ತು ನಿಮಿಷದ ಕೆಲಸ. ಎರಡು ವಾರದಲ್ಲಿ ಅವಸರ ಮಾಯ. ಆದರೆ ಜೊತೆಗೆ ಚೀಲ ಪೂರ್ತಿ ಖಾಲಿಯಾಗುವುದೂ ನಿಂತಿತು. ಒಂದೂವರೆ ತಿಂಗಳು ಮೂತ್ರ ಹೊರತೆಗೆಯುವ ಕೊಳವೆ, ಅಂದರೆ ಕ್ಯಾತಿಟರ್, ನಾನೇ ಹಾಕಿಕೊಂಡೆ, ಎರಡು ಸಲ ಸೋಂಕು ಬಂತು. ಎಲ್ಲರಿಗೂ ಹೀಗಾಗುವುದಿಲ್ಲ. ನನಗಾಯಿತು. ಸರಿಹೋದರೂ ಆರೇಳು ತಿಂಗಳಿಗೆ ಮತ್ತೆ ಚುಚ್ಚಿಸಿಕೊಳ್ಳಬೇಕು.

ಮೂತ್ರಚೀಲದ ನರಕ್ಕೆ ಸಣ್ಣಗೆ ಕರೆಂಟ್ ಕೊಡುವ ಬೆನ್ನಿನ ಯಂತ್ರಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲೇ. ನನಗೆ ಹೆದರಿಕೆ, ಅದಕ್ಕೇ ಕೊನೆಗೆ ಇಟ್ಟಿದ್ದೆ. ಒಪ್ಪಿದ್ದು ಒಂದೇ ಕಾರಣಕ್ಕೆ: ಕೊಳ್ಳುವ ಮೊದಲು ಒಂದು ವಾರ ಹಾಕಿ ನೋಡಬಹುದು. ಬೆನ್ನಿನ ಕೆಳಗಿರುವ ತ್ರಿಕೋನದ ಮೂಳೆ, ತ್ರಿಕಾಸ್ಥಿ, ಅದರ ಮೂರನೇ ನರದ ಹತ್ತಿರ ತೆಳು ತಂತಿ ಇಳಿಸುತ್ತಾರೆ. ಸರಿಯಾದ ಜಾಗ ಸಿಕ್ಕಿತು ಅನ್ನುವುದಕ್ಕೆ ಗುರುತು ಕಾಲಿನ ಹೆಬ್ಬೆರಳು. ನಾನು ಅಲ್ಲಾಡಿಸದೆ ಅದು ತಾನೇ ಮಡಚಿತು! ಹೊರಗಿನ ಬ್ಯಾಟರಿಯನ್ನು ಡಾಬಿನ ಹಾಗೆ ಸೊಂಟಕ್ಕೆ ಕಟ್ಟಿಕೊಂಡು ವಾರವಿಡೀ ಓಡಾಡಿದೆ. ಸ್ನಾನ ಇಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದಷ್ಟೇ. ಬಚ್ಚಲಲ್ಲಿ ಅಳತೆ ಜಗ್ ಇಟ್ಟು ಪ್ರತಿ ಸಲದ ಲೆಕ್ಕ ಬರೆದೆ. ತೊಂದರೆ ಅರ್ಧದಷ್ಟಾದರೂ ಇಳಿದರೆ ಮಾತ್ರ ಯಂತ್ರವನ್ನು ಚರ್ಮದಡಿ ಕೂರಿಸುವ ಮುಂದಿನ ಆಪರೇಷನ್. ನನ್ನ ಲೆಕ್ಕ 14ರಿಂದ 7ಕ್ಕೆ, ರಾತ್ರಿ ಏಳುವುದು ನಾಲ್ಕರಿಂದ ಒಂದಕ್ಕೆ. ಐದನೇ ದಿನ ಎಚ್ಚರವಾದಾಗ ಹೊರಗೆ ಬೆಳಕಾಗಿತ್ತು. ಗಡಿಯಾರ ಕೆಟ್ಟಿರಬೇಕು ಅಂದುಕೊಂಡೆ.

ಆಮೇಲೆ ಇನ್ನೊಂದು ಆಯ್ಕೆ: ಚಾರ್ಜ್ ಮಾಡುವ ಯಂತ್ರವೋ, ಮಾಡದ್ದೋ? ಚಾರ್ಜ್ ಮಾಡುವುದು ಚಿಕ್ಕದು, ಬಾಳಿಕೆ 15 ವರ್ಷ ಅನ್ನುತ್ತಾರೆ. ಇನ್ನೊಂದು ದಪ್ಪ, ಈಗಿನವು ಹತ್ತು ವರ್ಷ ದಾಟುತ್ತವಂತೆ. ಫೋನ್ ಚಾರ್ಜಿಗೆ ಹಾಕಲೇ ಮರೆಯುವವಳು ನಾನು. ದಪ್ಪದ್ದನ್ನೇ ಹಾಕಿಸಿಕೊಂಡೆ. ತೆಳ್ಳಗಿರುವವರಿಗೆ ಚಿಕ್ಕದೇ ವಾಸಿ, ಇಲ್ಲದಿದ್ದರೆ ಚರ್ಮದಡಿ ಉಬ್ಬಿ ಕಾಣುತ್ತದೆ.

ನಾಣ್ಯದಷ್ಟು ಯಂತ್ರವನ್ನು ಕಾಲಲ್ಲೇ ಕೂರಿಸುವುದೂ 2022ರಿಂದ ಬಂದಿದೆ. ನಾನು ಹಾಕಿಸಿಕೊಂಡಿಲ್ಲ, ಅದರ ಬಗ್ಗೆ ಸುಮ್ನೆ ಹೇಳಲಾರೆ. ಸೂಜಿಯಿಂದ ಗುಣ ಕಂಡು, ಓಡಾಟ ಬೇಡ ಅನ್ನುವವರು ಡಾಕ್ಟರನ್ನು ಕೇಳಿ ನೋಡಬಹುದು.

ನನ್ನದರಲ್ಲೂ ತಕರಾರು ಇಲ್ಲದಿಲ್ಲ. ತಂತಿ ಜರುಗಿದರೆ ಮತ್ತೆ ಆಪರೇಷನ್. ಮರದ ಕುರ್ಚಿಯಲ್ಲಿ ಜಾಸ್ತಿ ಹೊತ್ತು ಕೂತರೆ ಬಲಗಡೆ ಒತ್ತುತ್ತದೆ. ಸೀರೆ ಉಟ್ಟರೆ ಲಂಗದ ಲಾಡಿ ಅದರ ಮೇಲೇ ಬರುತ್ತದೆ, ಈಗ ಎಲಾಸ್ಟಿಕ್ ಲಂಗ ಹೊಲಿಸಿಕೊಂಡಿದ್ದೇನೆ.