ಸೌಂಡ್ ಡಿಕೋಡರ್ ನಾಲ್ಕು, ಹಳಿ ಮೂರು: ಯಾವುದಕ್ಕೆ ಯಾವುದು?

ಮಾಡೆಲ್ ರೈಲಿನ ಸೌಂಡ್ ಡಿಕೋಡರ್ (ಎಂಜಿನ್ನಿನೊಳಗೆ ಕೂತು ಮೋಟರ್ ಓಡಿಸುವ, ಸದ್ದು ಹೊರಡಿಸುವ ಚಿಕ್ಕ ಬೋರ್ಡು) ವಿಚಾರ ಬಂದರೆ ಮಾತು ಶುರುವಾಗುವುದೇ "ಇಎಸ್‌ಯು ಒಳ್ಳೇದಾ, ಝಿಮೋ ಒಳ್ಳೇದಾ" ಎಂದು. ಹಳಿಯ ವಿಚಾರ ಆಮೇಲೆ, ಉಳಿದ ದುಡ್ಡಿನಲ್ಲಿ. ಇದು ತಿರುಗಬೇಕು. ಸದ್ದಿಲ್ಲದ ಎಂಜಿನ್‌ಗೆ ಒಂದು ಕ್ಷಣ ಕರೆಂಟ್ ತಪ್ಪಿದರೆ ಸಣ್ಣಗೆ ಮುಗ್ಗರಿಸಿ ಮುಂದೆ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಸೌಂಡ್ ಎಂಜಿನ್‌ನಲ್ಲಿ ಅದೇ ತಪ್ಪಿಗೆ ಗುಡುಗುಡು ನಿಂತು, ಸ್ಟಾರ್ಟ್ ಆಗುವ ಸದ್ದು ಮತ್ತೆ ಮೊದಲಿನಿಂದ ಬರುತ್ತದೆ. ಡಿಕೋಡರ್ ದುಬಾರಿಯಾದಷ್ಟೂ ಹಳಿಯ ತಪ್ಪು ಜೋರಾಗಿ ಕೇಳುತ್ತದೆ.

ಹೋಲಿಕೆಗೆ ಇಟ್ಟುಕೊಂಡಿದ್ದು ಆರು ಆ್ಯಕ್ಸಲ್‌ನ ಒಂದೇ ಎಚ್‌ಒ (1:87 ಅಳತೆಯ) ಡೀಸೆಲ್ ಎಂಜಿನ್, 8 ಓಮ್‌ನ ಒಂದೇ 11×15 ಮಿ.ಮೀ. ಸ್ಪೀಕರ್, 21 ಪಿನ್ ಸಾಕೆಟ್. ಇಎಸ್‌ಯು, ಝಿಮೋ, ಸೌಂಡ್‌ಟ್ರಾಕ್ಸ್, ಹಾರ್ನ್‌ಬಿ ಈ ನಾಲ್ಕು ಕಂಪನಿಗಳೂ 21 ಪಿನ್ನಿನ ಡಿಕೋಡರ್ ಮಾಡುವುದರಿಂದ ಬೆಸುಗೆ ಇಲ್ಲದೆ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಬಹುದು. ಒಂದು ಎಚ್ಚರ: 21 ಪಿನ್ ಎಂದರೆ ಎಲ್ಲವೂ ಒಂದೇ ಅಲ್ಲ. ಹೆಡ್‌ಲೈಟ್ ಉರಿದು ಕ್ಯಾಬ್ ಲೈಟ್ ಉರಿಯದಿದ್ದರೆ ಬಲ್ಬು ಹೋಗಿದೆ ಎಂದುಕೊಳ್ಳಬೇಡಿ. ಆಕ್ಸ್ 3, 4ರ (ಹೆಚ್ಚುವರಿ ಲೈಟುಗಳ) ಔಟ್‌ಪುಟ್ ಕೆಲವು ಡಿಕೋಡರ್‌ಗಳಲ್ಲಿ ಬರೀ ಲಾಜಿಕ್ ಮಟ್ಟದ್ದು, ಅಂದರೆ ಸಣ್ಣ ಸಂಕೇತ ಮಾತ್ರ, ಕೆಲವದರಲ್ಲಿ ನೇರ ಲೈಟು ಉರಿಸುವಂಥದ್ದು. ಝಿಮೋದಲ್ಲಿ ಎಂಎಸ್440ಸಿ ಮೊದಲನೆಯದು, 440ಡಿ ಎರಡನೆಯದು. ಎಂಜಿನ್‌ನ ಬೋರ್ಡ್ ನೋಡಿಯೇ ಅಕ್ಷರ ಆರಿಸಬೇಕು.

ನಮ್ಮವರಿಗೆ ಮುಖ್ಯ ಪ್ರಶ್ನೆ, ನಮ್ಮ ಎಂಜಿನ್ನಿನ ಸದ್ದು ಸಿಗುತ್ತದೆಯೇ ಎನ್ನುವುದು. ಕೃಷ್ಣರಾಜಪುರಂ ಶೆಡ್ಡಿನ ಡಬ್ಲ್ಯುಡಿಪಿ-4, ಡಬ್ಲ್ಯುಡಿಜಿ-4 ಎಂಜಿನ್‌ಗಳಲ್ಲಿರುವುದು ಇಎಂಡಿ ಕಂಪನಿಯ 16 ಸಿಲಿಂಡರಿನ 710 ಡೀಸೆಲ್. ಡಬ್ಲ್ಯುಡಿಎಂ-3ಎಯಲ್ಲಿ ಆಲ್ಕೋ 251. ಎರಡೂ ಅಮೆರಿಕದ ಮೂಲದವು, ಹಾಗಾಗಿ ಎಂಜಿನ್ ಸದ್ದಿಗೆ ಸೌಂಡ್‌ಟ್ರಾಕ್ಸ್ ಸುನಾಮಿ2 ನೇರ ದಾರಿ. ಆದರೆ ಕೊಳ್ಳುವಾಗಲೇ ಇಎಂಡಿಯೋ ಆಲ್ಕೋವೋ ನಿರ್ಧರಿಸಿಬಿಡಬೇಕು, ಸದ್ದನ್ನು ಫ್ಯಾಕ್ಟರಿಯಲ್ಲೇ ತುಂಬಿರುತ್ತಾರೆ. ಹಾರ್ನನ್ನು ಸಿವಿ (ಡಿಕೋಡರಿನ ಒಂದೊಂದು ಸೆಟ್ಟಿಂಗಿನ ಸಂಖ್ಯೆ) 120ರಲ್ಲಿ ಬದಲಿಸಬಹುದು, ಅದೂ ಒಳಗಿರುವ ಪಟ್ಟಿಯಿಂದ ಮಾತ್ರ. ಬೈಯಪ್ಪನಹಳ್ಳಿಯಲ್ಲಿ ಕೇಳುವ ಹಾರ್ನ್ ಅದರಲ್ಲಿ ಹುಡುಕಬೇಡಿ.

ಇಎಸ್‌ಯುವಿನ ಲೋಕ್‌ಸೌಂಡ್ 5 ಗೆಲ್ಲುವುದು ಇಲ್ಲೇ. ಇಎಸ್‌ಯು ತನ್ನ ಸದ್ದಿನ ಫೈಲುಗಳನ್ನು ಪುಕ್ಕಟೆ ಕೊಡುತ್ತದೆ, ಅದರಲ್ಲಿ 710 ಹಾಕಿಕೊಂಡು ಹಾರ್ನ್ ಜಾಗಕ್ಕೆ ನೀವೇ ರೆಕಾರ್ಡ್ ಮಾಡಿದ ವೇವ್ ಫೈಲ್ ತುಂಬಬಹುದು. ಅದಕ್ಕೆ ಲೋಕ್‌ಪ್ರೋಗ್ರಾಮರ್ ಎಂಬ ಪೆಟ್ಟಿಗೆ ಬೇಕೇ ಬೇಕು, ಬರೀ ಸಾಫ್ಟ್‌ವೇರ್ ಸಾಲದು. ಒಂದೇ ಎಂಜಿನ್‌ಗೆ ಆ ಖರ್ಚು ದಂಡ. ಮೂರು ನಾಲ್ಕು ಎಂಜಿನ್ ಇದ್ದರೆ, ಅಥವಾ ಗೆಳೆಯರು ಸೇರಿ ಒಂದು ಕೊಂಡರೆ, ಸರಿಹೋಗುತ್ತದೆ. ಝಿಮೋದಲ್ಲೂ ಸ್ವಂತ ಸದ್ದು ಹಾಕಬಹುದು, ಅದಕ್ಕೂ ಬೇರೆ ಉಪಕರಣ ಬೇಕು, ಸಾಫ್ಟ್‌ವೇರ್ ಕಲಿಯಲು ತಾಳ್ಮೆಯೂ ಬೇಕು. ಅದರ ಕೆಲವು ಸದ್ದುಗಳು ಪುಕ್ಕಟೆ, ಕೆಲವಕ್ಕೆ ಕೋಡ್ ಕೊಳ್ಳಬೇಕು. ಹಾರ್ನ್‌ಬಿಯ ಎಚ್‌ಎಂ7000 ಫೋನಿನಿಂದಲೇ ಬ್ಲೂಟೂತ್‌ನಲ್ಲಿ ಸದ್ದು ಇಳಿಸಿಕೊಳ್ಳುತ್ತದೆ, ಪ್ರೋಗ್ರಾಮರ್ ಪೆಟ್ಟಿಗೆಯ ಗೊಡವೆಯಿಲ್ಲ. ಆದರೆ ಸಿಗುವುದು ಆ್ಯಪ್‌ನಲ್ಲಿರುವ, ಬಹುಪಾಲು ಬ್ರಿಟಿಷ್ ಎಂಜಿನ್ನುಗಳ ಸದ್ದು. ಮಕ್ಕಳಿರುವ ಮನೆಗೆ, ಡಿಸಿಸಿ (ಹಳಿಯ ಮೂಲಕ ಎಂಜಿನ್‌ಗೆ ಡಿಜಿಟಲ್ ಆದೇಶ ಕಳಿಸುವ) ಕಂಟ್ರೋಲರ್ ಇನ್ನೂ ಇಲ್ಲದವರಿಗೆ ಇದಕ್ಕಿಂತ ಸುಲಭದ್ದು ಇಲ್ಲ.

ನಿಧಾನದ ಓಟದಲ್ಲಿ ಲೋಕ್‌ಸೌಂಡ್ ಮತ್ತು ಝಿಮೋ ಒಂದು ಹೆಜ್ಜೆ ಮುಂದೆ. ಲೋಕ್‌ಸೌಂಡ್‌ಗೆ ಮೋಟರ್ ತಾನೇ ಅಳೆದುಕೊಳ್ಳುವ ಕ್ರಮ ಇದೆ. ಮೇನ್ (ರೈಲು ಓಡುವ) ಹಳಿಯ ಮೇಲೆಯೇ ಸಿವಿ 54ಕ್ಕೆ 0 ಬರೆದು ಕಂಟ್ರೋಲರಿನ ಎಫ್1 ಗುಂಡಿ ಒತ್ತಬೇಕು. ಎಂಜಿನ್ ಹೇಳದೆ ಕೇಳದೆ ಪೂರ್ತಿ ವೇಗದಲ್ಲಿ ಹಾರುತ್ತದೆ, ಮುಂದೆ ಎರಡು ಮೀಟರ್ ನೇರ ಹಳಿಯೂ ಹಿಡಿಯಲು ಒಂದು ಕೈಯೂ ಇರಲಿ. ಇದನ್ನು ಮಾಡದೆ "ಜರ್ಕ್ ಹೊಡೀತಿದೆ" ಎನ್ನುವವರೇ ಹೆಚ್ಚು.

ಸದ್ದಿನ ಗುಣ ಡಿಕೋಡರ್‌ಗಿಂತ ಸ್ಪೀಕರ್ ಡಬ್ಬಿಯ ಮೇಲೆ ನಿಂತಿದೆ. ಡಬ್ಬಿಯ ಅಂಚಿನಲ್ಲಿ ಕೂದಲೆಳೆ ಸಂದಿ ಇದ್ದರೂ ಸ್ಪೀಕರಿನ ಹಿಂದಿನ ಗಾಳಿ ಮುಂದಿನದನ್ನು ಕಡಿದುಹಾಕಿ ತಗ್ಗಿನ ಸದ್ದು ಮಾಯವಾಗುತ್ತದೆ, 710 ಹೋಗಿ ಸೊಳ್ಳೆಯ ಗುಂಯ್ ಉಳಿಯುತ್ತದೆ. ಸುತ್ತ ಸಿಲಿಕೋನ್ ಸೀಲೆಂಟ್ ಹಚ್ಚಿ. ವಾಲ್ಯೂಮ್ ಇಳಿಸಲು ಲೋಕ್‌ಸೌಂಡ್‌ನಲ್ಲಿ ಸಿವಿ 63, ಗರಿಷ್ಠ 192. ಝಿಮೋದಲ್ಲಿ 266, ಸುನಾಮಿಯಲ್ಲಿ 128. ಮನೆಯ ಕೋಣೆಗೆ ಅರ್ಧದಷ್ಟು ಸಾಕು.

ಕರೆಂಟ್ ತಪ್ಪಿದಾಗ ಹಿಡಿದಿಡುವ ಕೆಪಾಸಿಟರ್ ಬಗ್ಗೆ ಲೆಕ್ಕ ತಿಳಿದಿರಲಿ. 1000 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, 0.3 ಆಂಪಿಯರ್ ಎಳೆಯುವ ಎಂಜಿನ್ನನ್ನು ಸೆಕೆಂಡಿನ ನಲವತ್ತನೇ ಒಂದು ಪಾಲು ಹಿಡಿಯುತ್ತದೆ, ಅಷ್ಟೇ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ 1 ಫ್ಯಾರಡ್, 2.7 ವೋಲ್ಟ್‌ನ ಸೂಪರ್ ಕೆಪಾಸಿಟರ್ ಆರನ್ನು ಸಾಲಾಗಿ ಜೋಡಿಸಿದರೆ ಮೂರು ನಾಲ್ಕು ಸೆಕೆಂಡ್ ಸಿಗುತ್ತದೆ. ಚಾರ್ಜ್ ಆಗುವ ದಾರಿಯಲ್ಲಿ 100 ಓಮ್, 1 ವಾಟ್ ರೆಸಿಸ್ಟರ್, ಅದಕ್ಕೆ ಅಡ್ಡಲಾಗಿ ಒಂದು 1ಎನ್4007 ಡಯೋಡ್. ರೆಸಿಸ್ಟರ್ ಬಿಟ್ಟರೆ ಸ್ವಿಚ್ ಹಾಕಿದ ತಕ್ಷಣ ಬೂಸ್ಟರ್ (ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಟ್ರಿಪ್ ಆಗುತ್ತದೆ. ಸೆಟ್ಟಿಂಗ್ ಬರೆಯಲು ಬೇರೆಯಾಗಿಟ್ಟ ಪ್ರೋಗ್ರಾಮಿಂಗ್ ಹಳಿಯಲ್ಲಿ ಸಿವಿ ಓದಲಾಗದಿದ್ದರೆ ಮೊದಲು ಈ ಪ್ಯಾಕ್ ಕಳಚಿ ನೋಡಿ. ಸಿವಿ 29ರಲ್ಲಿ ಡಿಸಿ ಓಟವನ್ನೂ (ಡಿಸಿಸಿ ಇಲ್ಲದ ಸಾದಾ ಕರೆಂಟಿನಲ್ಲಿ ಓಡುವುದನ್ನು) ನಿಲ್ಲಿಸಿಬಿಡಿ: 6 ಇದ್ದರೆ 2, ಉದ್ದ ವಿಳಾಸಕ್ಕೆ (ನಾಲ್ಕಂಕಿಯ ಎಂಜಿನ್ ಸಂಖ್ಯೆಗೆ) 38 ಇದ್ದರೆ 34.

ಇನ್ನು ಹಳಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., 87ರಿಂದ ಭಾಗಿಸಿದರೆ 19.3. ಎಚ್‌ಒ ಹಳಿ 16.5. ಆ ಕೊರತೆಯನ್ನು ಅಂಗಡಿಯ ಯಾವ ಹಳಿಯೂ ತುಂಬದು, ಒಪ್ಪಿಕೊಂಡು ಮುಂದೆ ಹೋಗುವುದೇ ಸರಿ. ಎತ್ತರದಲ್ಲಿ ಮಾತ್ರ ಆಯ್ಕೆ ಇದೆ. ಮೀಟರಿಗೆ 60 ಕೆ.ಜಿ. ತೂಗುವ ನಿಜವಾದ ಹಳಿಯ ಎತ್ತರ 172 ಮಿ.ಮೀ., ಎಚ್‌ಒದಲ್ಲಿ ಸುಮಾರು 2 ಮಿ.ಮೀ. ಕೋಡ್ ಎಂದರೆ ಇಂಚಿನ ಸಾವಿರದ ಲೆಕ್ಕ: ಕೋಡ್ 100 ಅಂದರೆ 2.54 ಮಿ.ಮೀ., 83 ಅಂದರೆ 2.1, 75 ಅಂದರೆ 1.9. ಪೆಕೋ ಕಂಪನಿಯ ಕೋಡ್ 100 ಗಟ್ಟಿ ಹೌದು, ಫೋಟೋದಲ್ಲಿ ಮಾತ್ರ ತೊಲೆ ಇಟ್ಟ ಹಾಗೆ ಕಾಣುತ್ತದೆ. ಪೆಕೋ ಕೋಡ್ 75ರಲ್ಲಿ ಕಾಂಕ್ರೀಟ್ ಸ್ಲೀಪರಿನದೂ ಸಿಗುತ್ತದೆ, ನಮ್ಮ ಮೇನ್‌ಲೈನಿಗೆ ಅದೇ ಹತ್ತಿರ. ಹಳೆಯ ಲಿಮಾ ಕಂಪನಿಯದರಂಥ ಎತ್ತರದ ಫ್ಲ್ಯಾಂಜಿನ (ಅಂಚಿನ) ಗಾಲಿಗಳು ಅದರ ಮೇಲೆ ಟಕಟಕ ಎಂದು ಬಡಿಯುತ್ತವೆ, ಅಂಥ ಬೋಗಿಗಳಿದ್ದರೆ ಗಾಲಿ ಬದಲಿಸಬೇಕು. ಕ್ಯಾಟೊ ಯುನಿಟ್ರ್ಯಾಕ್‌ದು ಕೋಡ್ 83. ಜೋಡಣೆ ಗಟ್ಟಿ, ಕರೆಂಟ್ ತಪ್ಪುವುದಿಲ್ಲ, ನೆಲದ ಮೇಲೆ ಹಾಸಿ ಸಂಜೆ ತೆಗೆದಿಡಬಹುದು. ಆದರೆ ಒಳಗೆ ಟೊಳ್ಳಾದ ಪ್ಲಾಸ್ಟಿಕ್ ತಳ ಡೋಲಿನಂತೆ ಮೊರೆಯುತ್ತದೆ. ಐಡಲ್ ಸದ್ದು ಅದರಡಿ ಹೂತುಹೋಗುತ್ತದೆ.

ಪಾಯಿಂಟ್‌ಗಳಲ್ಲಿ (ಹಳಿ ಕವಲೊಡೆಯುವ ಕಡೆ) ಇನ್ಸುಲ್‌ಫ್ರಾಗ್ ಬೇಡ, ಅಂದರೆ ಹಳಿಗಳು ಒಂದನ್ನೊಂದು ದಾಟುವ ಮೂಲೆ (ಫ್ರಾಗ್) ಪ್ಲಾಸ್ಟಿಕ್ಕಿನದಾದದ್ದು. ಪ್ಲಾಸ್ಟಿಕ್ ಫ್ರಾಗ್ ಮೇಲೆ ಶಂಟಿಂಗ್ ಎಂಜಿನ್ ತೆವಳುವಾಗಲೇ ಸದ್ದು ಕಡಿಯುವುದು. ಎಲೆಕ್ಟ್ರೋಫ್ರಾಗ್ (ಲೋಹದ ಫ್ರಾಗ್) ಹಾಕಿದರೆ ಫ್ರಾಗಿನಿಂದ ಹೊರಡುವ ಎರಡು ಒಳ ಹಳಿಗಳಿಗೆ ಇನ್ಸುಲೇಟೆಡ್ ಜಾಯಿನರ್ (ಕರೆಂಟ್ ದಾಟಿಸದ ಜೋಡಣೆ ತುಂಡು) ಕಡ್ಡಾಯ, ಇಲ್ಲದಿದ್ದರೆ ಪಾಯಿಂಟ್ ತಿರುಗಿಸಿದ ಕೂಡಲೇ ಶಾರ್ಟ್. ಫ್ರಾಗಿನ ಪೋಲಾರಿಟಿ ಬದಲಿಸಲು ಎಸ್‌ಜಿ90 ಸರ್ವೋ, ಅದರ ತೋಳು ಒತ್ತುವ ಹಾಗೆ ಒಂದು ಮೈಕ್ರೋಸ್ವಿಚ್ ಸಾಕು. ಆರು ಆ್ಯಕ್ಸಲ್ ಎಂಜಿನ್‌ಗೆ 610 ಮಿ.ಮೀ. ರೇಡಿಯಸ್ಸಿನ ಪಾಯಿಂಟ್ ಬಿಟ್ಟು 914 ಅಥವಾ 1524 ಕೊಳ್ಳಿ.

ಮೇಜಿನಡಿ 1.5 ಚದರ ಮಿ.ಮೀ. ಹೌಸ್ ವೈರಿಂಗ್ ತಂತಿಯ ಬಸ್ (ಮುಖ್ಯ ಲೈನ್) ಎಳೆದು, ಹಳಿಯ ಪ್ರತಿ ತುಂಡಿಗೂ ಜಾಯಿನರ್ ನಂಬದೆ 0.5ರ ತಂತಿ ಬೆಸೆಯಿರಿ. ಆಮೇಲೆ ಎಲ್ಲ ಮೂಲೆಯಲ್ಲೂ ರೂಪಾಯಿ ನಾಣ್ಯ ಅಡ್ಡವಿಟ್ಟು ನೋಡಿ. ಬೂಸ್ಟರ್ ತಕ್ಷಣ ಕಡಿಯದಿದ್ದರೆ ಅಲ್ಲಿ ತಂತಿ ಸಾಲದು. ಬೆಂಗಳೂರಿನ ಧೂಳಿಗೆ ಹಳಿ ವಾರದಲ್ಲೇ ಕಪ್ಪಾಗುತ್ತದೆ. ಒರೆಸಲು ಐಸೊಪ್ರೊಪೈಲ್‌ಗಿಂತ ಪೇಂಟ್ ಅಂಗಡಿಯ ಎಂಟಿಒ (ಮಿನರಲ್ ಟರ್ಪೆಂಟೈನ್) ವಾಸಿ, ಕಪ್ಪು ಮತ್ತೆ ಕೂರುವುದು ತಡವಾಗುತ್ತದೆ. ಕರೆಂಟ್ ಆರಿಸಿ, ಕಿಟಕಿ ತೆಗೆದು ಒರೆಸಿ.

ಜಲ್ಲಿಗೆ ಆಮದಿನ ಪೊಟ್ಟಣ ಬೇಕಿಲ್ಲ. ರಸ್ತೆ ಜಲ್ಲಿ ಒಡೆಯುವ ಗ್ರಾನೈಟ್‌ನಿಂದಲೇ ಬರುವ ಎಂ-ಸ್ಯಾಂಡ್ ಬಣ್ಣದಲ್ಲಿ ನಮ್ಮ ಹಳಿಯ ಜಲ್ಲಿಯೇ. ಟೀ ಸೋಸುವ ಜಾಲರಿಯಲ್ಲಿ ಇಳಿದು ಮೈದಾ ಜರಡಿಯಲ್ಲಿ ನಿಂತ ಕಾಳು ಬೇಕಾದ ಅಳತೆ. ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಿ. ಆಮೇಲೆ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರೊಳಗೆ ಎರಡು ಮೂರು ಬಾರಿ ಆಡಿಸಿ. ಮೀಸೆಯಂತೆ ಅಂಟಿಕೊಳ್ಳುವ ಕಪ್ಪು ಪುಡಿ ಮೋಟರಿನ ಅಯಸ್ಕಾಂತಕ್ಕೂ ಸ್ಪೀಕರಿಗೂ ಹೀಗೇ ಹೋಗಿ ಕೂರುತ್ತದೆ. ಹಳಿಯ ಕೆಳಗೆ 5 ಮಿ.ಮೀ. ಕಾರ್ಕ್ ಹಾಸಿರಿ. ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಡ್ರಾಪರ್‌ನಲ್ಲಿ ಬಿಟ್ಟರೆ ಜಲ್ಲಿ ಗಟ್ಟಿ ನಿಲ್ಲುತ್ತದೆ, ಆದರೆ ಗಾಲಿಯ ಸದ್ದೂ ಪ್ಲೈವುಡ್‌ಗೆ ದಾಟಿ ಜೋರಾಗುತ್ತದೆ. ಸದ್ದು ಮುಖ್ಯವಾದವರು ಒಣಗಿದ ಮೇಲೂ ಬಗ್ಗುವ ಲ್ಯಾಟೆಕ್ಸ್ ಅಂಟು ಬಳಸಬೇಕು. ಯಾವುದೇ ಆಗಲಿ, ಒದ್ದೆಯಿದ್ದಾಗ ಕರೆಂಟ್ ಸೋರುತ್ತದೆ. ಒಂದು ದಿನ ಪೂರ್ತಿ, ಮಳೆಗಾಲದಲ್ಲಾದರೆ ಎರಡು ದಿನ, ಬೂಸ್ಟರ್ ಹಾಕಬೇಡಿ.