ಎಂಟು ವರ್ಷ ಜ್ಯಾಂಗೋ ಬಳಸಿದ ಮೇಲೆ

ನಮ್ಮದು ನಾಲ್ಕು ಜನರ ಚಿಕ್ಕ ತಂಡ. ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಫ್ರೇಮ್‌ವರ್ಕ್ ಜ್ಯಾಂಗೋ. 2017ರಲ್ಲಿ ಅದರ 1.11 ಆವೃತ್ತಿಯಿಂದ ಶುರು ಮಾಡಿದೆವು. ಈಗ ಆರು ಪ್ರಾಜೆಕ್ಟ್ ಅದರ ಮೇಲೆ ನಡೆಯುತ್ತಿವೆ. ಕಲಿಯೋದು ಎಷ್ಟು ಸುಲಭ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹಳೇ ಕೋಡನ್ನು ಸಾಕುವ ಬಗ್ಗೆ ಬರೆಯುತ್ತೇನೆ.

ಮೊದಮೊದಲು ಲಾಗಿನ್, ಓಟಿಪಿ, ರಸೀದಿಯ ಕೋಡನ್ನೆಲ್ಲ ಹಳೇ ಪ್ರಾಜೆಕ್ಟ್‌ನಿಂದ ಹೊಸದಕ್ಕೆ ಕಾಪಿ ಮಾಡುತ್ತಿದ್ದೆವು. ಮೂರನೇ ಪ್ರಾಜೆಕ್ಟ್ ಹೊತ್ತಿಗೆ ಒಂದು ತಪ್ಪು ಸಿಕ್ಕಿತು. ಒಮ್ಮೆ ಬಳಸಿದ ಓಟಿಪಿ ಮತ್ತೊಮ್ಮೆಯೂ ನಡೆಯುತ್ತಿತ್ತು! ಎರಡು ಕಡೆ ಸರಿಮಾಡಿದೆವು, ಮೂರನೆಯದು ಮರೆತೇ ಹೋಯಿತು. ಗ್ರಾಹಕರೇ ಫೋನ್ ಮಾಡಿ ಹೇಳಬೇಕಾಯಿತು. ಆ ವಾರವೇ ಎಲ್ಲವನ್ನೂ ಒಂದು ಪ್ಯಾಕೇಜ್ ಮಾಡಿ, ಕೋಡ್ ಇಡುವ ನಮ್ಮ ಗಿಟ್ ಸರ್ವರ್‌ನಲ್ಲಿಟ್ಟು, ಪೈಥಾನ್‌ನ ಇನ್‌ಸ್ಟಾಲರ್ ಪಿಪ್‌ನಿಂದ ಹಾಕಿಕೊಳ್ಳಲು ಶುರು ಮಾಡಿದೆವು.

ಇದಕ್ಕೆ ಜ್ಯಾಂಗೋ ಹೇಳಿ ಮಾಡಿಸಿದ ಹಾಗಿದೆ. ಒಂದು ಆಪ್ ಅಂದರೆ ಅದರ ಮಾಡೆಲ್ (ಡೇಟಾದ ರೂಪ), ಮೈಗ್ರೇಶನ್ (ಡೇಟಾಬೇಸ್ ಟೇಬಲ್ ಬದಲಿಸುವ ಫೈಲ್), ಟೆಂಪ್ಲೇಟ್ (ಪುಟದ ಅಚ್ಚು) ಎಲ್ಲ ಒಂದೇ ಫೋಲ್ಡರ್‌ನಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಹೆಸರು ಸೇರಿಸಿದರೆ ಸಾಕು. ಒಬ್ಬ ಗ್ರಾಹಕರಿಗೆ ರಸೀದಿ ಬೇರೆ ಥರ ಬೇಕಾ? ಆ ಪ್ರಾಜೆಕ್ಟ್‌ನಲ್ಲಿ ಅದೇ ಹೆಸರಿನ ಟೆಂಪ್ಲೇಟ್ ಇಟ್ಟರಾಯಿತು, ಪ್ಯಾಕೇಜ್ ಮುಟ್ಟಬೇಕಾಗಿಲ್ಲ.

ಜಾಸ್ತಿ ಕಷ್ಟ ಕೊಟ್ಟಿದ್ದು 2.2ರಿಂದ 3.2ಕ್ಕೆ ಹೋದಾಗ. 3.2ರಲ್ಲಿ ಪ್ರೈಮರಿ ಕೀ, ಅಂದರೆ ಟೇಬಲ್‌ನ ಪ್ರತಿ ಸಾಲನ್ನು ಗುರುತಿಸುವ ಸಂಖ್ಯೆ, ಯಾವ ಬಗೆಯದು ಅಂತ ನಾವೇ ಹೇಳಬೇಕು, ಇಲ್ಲದಿದ್ದರೆ ಎಚ್ಚರಿಕೆ ಬರುತ್ತದೆ. ಒಂದು ಪ್ರಾಜೆಕ್ಟ್‌ನಲ್ಲಿ ಬಿಗ್‌ಆಟೋಫೀಲ್ಡ್ (ದೊಡ್ಡ ಸಂಖ್ಯೆಯ ಕೀ) ಅಂತ ಹಾಕಿ, ಮೈಗ್ರೇಶನ್ ಫೈಲ್ ಬರೆದುಕೊಡುವ ಮೇಕ್‌ಮೈಗ್ರೇಶನ್ಸ್ ಕಮಾಂಡ್ ಓಡಿಸಿದೆವು. ಅದು ನಮ್ಮ ಪ್ಯಾಕೇಜ್‌ಗೂ ಒಂದು ಮೈಗ್ರೇಶನ್ ಬರೆದುಬಿಟ್ಟಿತು, ಅದೂ ಪಿಪ್ ಹಾಕಿದ ಪ್ಯಾಕೇಜ್‌ಗಳಿರುವ ಸೈಟ್-ಪ್ಯಾಕೇಜಸ್ ಫೋಲ್ಡರ್ ಒಳಗೆ! ಆ ಫೈಲ್ ಇದ್ದದ್ದು ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಪ್ರಾಜೆಕ್ಟ್‌ನ ಮುಂದಿನ ಮೈಗ್ರೇಶನ್ ಅದನ್ನೇ ನಂಬಿಕೊಂಡಿತ್ತು. ಸರ್ವರ್‌ನಲ್ಲಿ ಅದು ಇಲ್ಲದೆ, ಮೈಗ್ರೇಶನ್‌ಗಳನ್ನು ಡೇಟಾಬೇಸ್‌ಗೆ ಹಾಕುವ ಮೈಗ್ರೇಟ್ ಕಮಾಂಡ್ ನಿಂತೇ ಹೋಯಿತು. ಮಧ್ಯರಾತ್ರಿವರೆಗೆ ಹುಡುಕಿದೆವು. ಪರಿಹಾರ ಮಾತ್ರ ಒಂದೇ ಸಾಲು: ಪ್ಯಾಕೇಜ್‌ನ ಆಪ್‌ಕಾನ್ಫಿಗ್‌ನಲ್ಲೇ (ಆಪ್‌ನ ಸ್ವಂತ ಸೆಟ್ಟಿಂಗ್ಸ್) ಕೀ ಬಗೆ ಬರೆದಿಡುವುದು. ಹಂಚಿಕೊಳ್ಳುವ ಆಪ್ ಬರೆಯುವವರು ಇದನ್ನು ಇವತ್ತೇ ನೋಡಿಕೊಳ್ಳಿ.

ಇಷ್ಟಾದರೂ ನಾನು ಜ್ಯಾಂಗೋ ಬಿಡದಿರಲು ಕಾರಣ, ಅದು ಏನನ್ನೂ ಹೇಳದೆ ತೆಗೆಯುವುದಿಲ್ಲ. ವೆಬ್ ವಿಳಾಸವನ್ನು ಕೋಡ್‌ಗೆ ಜೋಡಿಸುವ ಹಳೇ ಯುಆರ್‌ಎಲ್ ಫಂಕ್ಷನ್ 4.0ರಲ್ಲಿ ಹೋಯಿತು, ಆದರೆ 3.1ರಿಂದಲೇ ಎಚ್ಚರಿಕೆ ಕೊಡುತ್ತಿತ್ತು. ಪೈಥಾನ್ ಇಂಥ ಎಚ್ಚರಿಕೆಗಳನ್ನು ಸುಮ್ನೆ ಮುಚ್ಚಿಡುತ್ತದೆ, ಹಾಗಾಗಿ ಟೆಸ್ಟ್ ಓಡಿಸುವಾಗ ಅವನ್ನು ತೋರಿಸಲು ಹೇಳಿ. ನಮ್ಮ ಪ್ಯಾಕೇಜ್‌ನಲ್ಲೂ ಈಗ ಇದೇ ಪದ್ಧತಿ. ಒಂದು ಫಂಕ್ಷನ್ ತೆಗೆಯುವುದಿದ್ದರೆ ಮೊದಲು ಎಚ್ಚರಿಕೆ, ಆರೂ ಪ್ರಾಜೆಕ್ಟ್ ಬದಲಾದ ಮೇಲೆಯೇ ತೆಗೆಯುವುದು. ಜ್ಯಾಂಗೋದ ಹೊಸ ಆವೃತ್ತಿ ಎಂಟು ತಿಂಗಳಿಗೊಂದು ಬರುತ್ತದೆ. ನಾವು ಅದರ ಹಿಂದೆ ಓಡುವುದಿಲ್ಲ, ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುವ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿಯಿಂದ ಎಲ್‌ಟಿಎಸ್‌ಗೆ ಹೋಗುತ್ತೇವೆ. 4.2ರಿಂದ 5.2ಕ್ಕೆ ನಾಲ್ಕು ಪ್ರಾಜೆಕ್ಟ್ ಬಂದಾಗಿದೆ.

ಡೇಟಾ ನೋಡಿಕೊಳ್ಳಲು ಜ್ಯಾಂಗೋ ತಾನೇ ಕೊಡುವ ಅಡ್ಮಿನ್ ಪುಟದ ಕನ್ನಡ ಅನುವಾದ ಇನ್ನೂ ಪೂರ್ತಿಯಾಗಿಲ್ಲ, ನಡುನಡುವೆ ಇಂಗ್ಲಿಷ್ ಇಣುಕುತ್ತದೆ. ಇದು ನನಗೆ ನಿಜವಾಗಿಯೂ ಬೇಸರದ ವಿಷಯ, ನಮ್ಮವರೇ ಕೈಹಾಕಬೇಕು ಅಲ್ವಾ?

ಹೊಸದಾಗಿ ಶುರು ಮಾಡುವವರು ಮೊದಲ ಮೈಗ್ರೇಟ್‌ಗೂ ಮುಂಚೆ ಸ್ವಂತ ಯೂಸರ್ ಮಾಡೆಲ್ ಹಾಕಿಕೊಳ್ಳಿ, ಒಳಗೆ ಏನೂ ಇಲ್ಲದಿದ್ದರೂ ಪರವಾಗಿಲ್ಲ. 5.2ಕ್ಕೆ ಬರದೆ ಉಳಿದಿರುವ ಎರಡು ಪ್ರಾಜೆಕ್ಟ್‌ಗಳಲ್ಲಿ ಒಂದರಲ್ಲಿ ನಾವು ಅದನ್ನು ಹಾಕಿರಲಿಲ್ಲ. ಡೇಟಾ ತುಂಬಿದ ಟೇಬಲ್‌ಗಳನ್ನು ಈಗ ಒಂದೊಂದಾಗಿ ಬದಲಾಯಿಸುತ್ತಾ ಕೂತಿದ್ದೇವೆ.