ಟೆಂಟೋ ಹ್ಯಾಮಕ್ಕೋ: 150 ಸಿಸಿ ಗಾಡಿ ಮ್ಯಾಲ ಎರಡೂ ಹೊತ್ತು ನೋಡಿದೆ

ಅಡಿಗಿಮನಿ ತಕ್ಕಡಿ ಮ್ಯಾಲ ಇಟ್ಟು ತೂಗಿದ್ರ ಲೆಕ್ಕ ಭಾಳ ಸರಳ ಅನಸ್ತದ. ನನ್ನ ಇಬ್ಬರು ಮಲಗೋ ಟೆಂಟು 2.6 ಕಿಲೋ. ದೋಸ್ತನ ಹ್ಯಾಮಕ್ಕು (ಎರಡು ಗಿಡದ ನಡುವ ಕಟ್ಟಿ ಮಲಗೋ ಬಟ್ಟಿ ಜೋಲಿ), ಗಿಡಕ್ಕ ಸುತ್ತೋ ಎರಡು ಪಟ್ಟಿ, ಮ್ಯಾಲ ಕಟ್ಟೋ 3 ಮೀಟರ್ ಚೌಕದ ಟಾರ್ಪು, ಸೊಳ್ಳಿ ಪರದೆ, ಹಗ್ಗ ಎಲ್ಲಾ ಸೇರಿ 1.7 ಕಿಲೋ. ಅಂದ್ರ ಹ್ಯಾಮಕ್ ಗೆದ್ದಂಗ ಅಲ್ಲೇನ್ರಿ? ಪುಣೆ ಹತ್ತಿರದ ಚಿಂಚವಡದ ರೂಮಿನ್ಯಾಗ ಕುಂತು ಅಂವಾ ಹಂಗಾ ವಾದ ಮಾಡಿದ, ಆಮ್ಯಾಲ ಒಂದು ಟ್ರಿಪ್ ಕೊಂಕಣಕ್ಕ ಒಂದು ಟ್ರಿಪ್ ಘಾಟಿನ ಮ್ಯಾಲ ಮಾಡೇ ನೋಡೋಣು ಅಂತ ಹೊಂಟ್ವಿ.

ಪಲ್ಸರ್ ಮ್ಯಾಲ ಕಟ್ಟಾಕ ನಿಂತಾಗ ಗೊತ್ತಾತು, ಆ ಒಂಬೈನೂರು ಗ್ರಾಂ ಏನೇನೂ ಅಲ್ಲ, ಮುಂಜಾನೆ ಎರಡು ಪ್ಲೇಟ್ ಮಿಸಳ್ ಮತ್ತ ಒಂದು ಬಾಟ್ಲಿ ನೀರು ಕುಡದ್ರ ಅಷ್ಟು ಹೊಟ್ಟ್ಯಾಗ ಸೇರತದ. ತ್ರಾಸು ಇರೋದು ಟೆಂಟಿನ ಕೋಲಿಂದು. ಅಂಗಡಿಯವರು ಕೊಟ್ಟ ಚೀಲದಾಗ ಹಂಗಾ ಸುತ್ತಿ ಸೀಟಿಗೆ ಅಡ್ಡ ಕಟ್ಟಿದ್ರ ಎರಡೂ ಕಡೆ ಹೊರಗ ಚಾಚತದ, ಚಾಂದಣಿ ಚೌಕದ ಟ್ರಾಫಿಕ್ಕಿನ್ಯಾಗ ಒಬ್ಬ ರಿಕ್ಷಾದವಗ ತಾಗಿ ಅಂವಾ ಮರಾಠಿಯೊಳಗ ನನ್ನ ಇಡೀ ಖಾಂದಾನ್ ನೆನಸಿದ. ಈಗ ಆ ಚೀಲ ಬಿಟ್ಟುಬಿಟ್ಟೀನಿ. ಕೋಲು ಬ್ಯಾರೆ ತಗದು ಸೀಟಿನ ಉದ್ದಕ್ಕ ಕಟ್ಟತೀನಿ, ಬಟ್ಟಿ ಮಡಚೋದೂ ಇಲ್ಲ, ಹಂಗಾ ಸ್ಯಾಡಲ್ ಬ್ಯಾಗಿನ ತಳಕ್ಕ ತುರುಕತೀನಿ. ವಜ್ಜಿ ಕೆಳಗ ಕುಂತ್ರ ಘಾಟಿನ ತಿರುವಿನ್ಯಾಗ ಹಿಂದಿನ ಗಾಲಿ ತೊನೆಯೋದು ಕಮ್ಮಿ ಆಗ್ತದ. ಹಂಗಂತ ಚೀಲಾನೂ ಭಾಳ ಕೆಳಗ ಬಿಡಬ್ಯಾಡ್ರಿ. ಬಲಗಡೆ ಸೈಲೆನ್ಸರ್ ಅದ ಅನ್ನೋದು ಮರತು ಬಿಟ್ಟಿದ್ದೆ, ಮುಳಶಿ ದಾಟೋದ್ರಾಗ ಪ್ಲಾಸ್ಟಿಕ್ ಸುಟ್ಟ ವಾಸನಿ, ಇಳದು ನೋಡಿದ್ರ ಬ್ಯಾಗಿಗೆ ರೊಟ್ಟಿ ಬೆಂದಂಗ ಕಪ್ಪು ಚುಕ್ಕಿ. ಹ್ಯಾಮಕ್ಕಿಗೆ ಈ ತಲಿಬ್ಯಾನಿ ಇಲ್ಲ, ಕೋಲೇ ಇಲ್ಲಲ್ಲ, ಇದ್ದ ಸಂದ್ಯಾಗ ಹೊಕ್ಕೊಂಡು ಕುಂದರತದ. ಕಟ್ಟೋ ವಿಷಯಕ್ಕ ಇಬ್ಬರದೂ ಒಂದಾ ತೀರ್ಪು: ಪಂಚರ್ ಅಂಗಡ್ಯಾಗ ಕೊಯ್ಸಿಕೊಂಡ ಹಳೇ ಟ್ಯೂಬಿನ ಪಟ್ಟಿ. ಕೊಕ್ಕಿ ಇರೋ ಬಂಜಿ ಹಗ್ಗ ನಮಗ ಬ್ಯಾಡ, ಜಾರಿ ಬಂದ್ರ ಮಾರಿಗೇ ಬಡಿತದ.

ಮೊದಲ ಟ್ರಿಪ್ಪು ಫೆಬ್ರವರಿಯೊಳಗ, ತಾಮ್ಹಿಣಿ ಘಾಟ್ ಇಳದು ಮಾಣಗಾಂವ್ ಮ್ಯಾಲಿಂದ ದಿವೇಆಗರ. ಹೋಮ್‌ಸ್ಟೇ ಹಿತ್ತಲದಾಗ ಜಾಗಾ ಕೇಳಿಕೊಂಡ್ವಿ. ಟೆಂಟಿಗೆ ಅಲ್ಲಿ ಮರ್ಯಾದಿ ಉಳೀಲಿಲ್ಲ. ಉಸುಕಿನ್ಯಾಗ ಗೂಟ ನಿಂದ್ರಂಗಿಲ್ಲ, ಪ್ಲಾಸ್ಟಿಕ್ ಚೀಲದಾಗ ಉಸುಕು ತುಂಬಿ ಹಗ್ಗ ಕಟ್ಟಿ ಹೂತು ನಿಂದ್ರಿಸಿದೆ. ರಾತ್ರಿ ಶೆಕಿ. ಬೆಳಗಾಮುಂಜಾನೆ ಹಣಿ ಮ್ಯಾಲ ತಟಕ್ ಅಂತ ನೀರು. ಮಳಿ ಅಲ್ರಿ ಅದು, ನನ್ನ ಉಸುರಿನ ಹಸಿ ಮತ್ತ ಸಮುದ್ರದ ಹಸಿ ಕೂಡಿ ಹೊರಪದರಿನ ಒಳಮೈಗೆ ಹತ್ತಿ ಹನಿಯಾಗಿದ್ದು. ದೋಸ್ತ ಮಾತ್ರ ಗಾಳ್ಯಾಗ ತೂಗಾಡಕೋತ ಏಳರತನಕಾ ಗೊರಕಿ. ಅಂವಾ ಮೊದಲು ತೆಂಗಿನ ಗಿಡಕ್ಕ ಕಟ್ಟಾಕ ಹೋಗಿದ್ದ, ಮನಿ ಕಾಕು ಓಡಿ ಬಂದು "ಅರೇ, ಡೋಕ್ಯಾವರ್ ನಾರಳ್ ಪಡೇಲ್!" ಅಂದ್ರು. ತಲಿ ಮ್ಯಾಲ ಕಾಯಿ ಬಿದ್ದಿದ್ರ ಈ ಹೋಲಿಕೆ ಅಲ್ಲಿಗೇ ಮುಗೀತಿತ್ತು. ದಂಡಿ ಮ್ಯಾಲಿನ ಗಾಳಿಗಿಡದ ತೋಪಿಗೂ ಹೋಗಬ್ಯಾಡ್ರಿ ಅಂದ್ರು, 2020ರ ಜೂನ್ 3ಕ್ಕ ನಿಸರ್ಗ ಚಂಡಮಾರುತ ಬಂದಾಗ ಈ ಕಡೆ ಎಷ್ಟೋ ಗಿಡ ಉರುಳಿದ್ವು, ನಿಂತಿದ್ದರೊಳಗ ಯಾವುದರ ಬೇರು ಸಡಲ್ಯಾವ ಯಾರಿಗೆ ಗೊತ್ತು. ಕಡೀಕ ಹಿತ್ತಲದ ಎರಡು ಮಾವಿನ ಗಿಡ ತೋರಿಸಿದ್ರು.

ಎರಡನೇದು ಡಿಸೆಂಬರ್, ಭಂಡಾರದರಾ, ಪ್ರವರಾ ನದಿಗೆ ಕಟ್ಟಿದ ಡ್ಯಾಮಿನ ಹಿನ್ನೀರಿನ ದಂಡಿ. ಇಲ್ಲಿ ಆಟ ಉಲ್ಟಾ ಆತು. ನಮಗ ಸಿಕ್ಕ ಜಾಗಾದಾಗ ಕಲ್ಲು, ಒಣಾ ಹುಲ್ಲು, ಮತ್ತ ಒಂದಾ ಒಂದು ಗಿಡ. ಹ್ಯಾಮಕ್ಕಿಗೆ ಬೇಕಾಗಿದ್ದು ಎರಡು, ಅದೂ 12ರಿಂದ 15 ಫೂಟ್ ಅಂತರದಾಗ. ನಮ್ಮ ಶಾಣ್ಯಾ ಒಂದು ತುದಿ ಗಿಡಕ್ಕ, ಇನ್ನೊಂದು ತುದಿ ಡಬಲ್ ಸ್ಟ್ಯಾಂಡ್ ಹಾಕಿದ ನನ್ನ ಗಾಡಿಗೆ ಕಟ್ಟಿದ. ಎತ್ತರ ಸಾಲದ್ದಕ್ಕ ಬಿಗಿಯಾಗಿ ಜಗ್ಗಿ ಕಟ್ಟಿದ. ತಪ್ಪು ಆಗಿದ್ದಾ ಅಲ್ಲಿ. ಪಟ್ಟಿ ನೆಲಮಟ್ಟಕ್ಕ 30 ಡಿಗ್ರಿ ಇಳಿಜಾರು ಇದ್ರ ಒಂದೊಂದು ತುದಿಗೆ ಬೀಳೋ ಜಗ್ಗು ಹೆಚ್ಚುಕಮ್ಮಿ ಮಲಗಿದವನ ತೂಕದಷ್ಟು. 15 ಡಿಗ್ರಿಗೆ ಬಿಗಿ ಮಾಡಿದ್ರ ಸುಮಾರು ದುಪ್ಪಟ್ಟು. ಅಂವಾ 72 ಕಿಲೋ, ಅಂದ್ರ ಗಾಡಿಗೆ ಹತ್ತಿರ ಹತ್ತಿರ 140 ಕಿಲೋ ಜಗ್ಗು, ಅದೂ ಅಡ್ಡಲಾಗಿ. ಅಂವಾ ಕುಂತ, ಗಾಡಿ ನಮಸ್ಕಾರ ಮಾಡಿದಂಗ ಬಾಗಿತು, ಇಬ್ಬರೂ ಕೂಡೇ ನೆಲಕ್ಕ. ಕ್ಲಚ್ ಲಿವರ್ ಮುರೀತು, ಅವನ ಎಲುಬು ಉಳದ್ವು. ಅರ್ಧ ಲಿವರಿಗೆ ಎರಡು ಬೆರಳು ಹಚ್ಚಿ ಅಕೋಲೆತನಕಾ ಗಾಡಿ ಹೊಡದವ ನಾನು, ಅದಕ್ಕ ಈ ಡಿಗ್ರಿ ಲೆಕ್ಕ ಮರಿಯಂಗಿಲ್ಲ. ಅಳತಿ ಬೇಕಂದ್ರ ಕೈಯನ್ನ ಪಿಸ್ತೂಲಿನಂಗ ಹಿಡೀರಿ, ಹೆಬ್ಬೆಟ್ಟಿನ ತುದಿಯಿಂದ ತೋರುಬೆರಳಿನ ತುದಿಗೆ ಗೆರಿ ಎಳದಂಗ ಅನ್ಕೊಂಡ್ರ ಹತ್ತಿರ ಹತ್ತಿರ 30 ಡಿಗ್ರಿ.

ಆ ರಾತ್ರಿ ಇಬ್ಬರೂ ನನ್ನ ಟೆಂಟಿನ್ಯಾಗ. ಟೆಂಟ್ ಯಾರನ್ನೂ ಏನೂ ಕೇಳಂಗಿಲ್ಲ, ಚಾಪಿಯಷ್ಟು ಸಪಾಟ್ ನೆಲ ಇದ್ರ ನಿಂತುಬಿಡತದ. ಎರಡು ಗಿಡ ಇದ್ದಿದ್ರೂ ಆ ಥಂಡ್ಯಾಗ ಹ್ಯಾಮಕ್ ಕಾಡತಿತ್ತು ಬಿಡ್ರಿ, ಸ್ಲೀಪಿಂಗ್ ಬ್ಯಾಗು ಮೈ ಭಾರಕ್ಕ ಕೆಳಗ ಒತ್ತಿಕೊಂಡು ತೆಳ್ಳಗಾಗ್ತದ, ಬೆನ್ನಿಗೆ ನೇರ ಗಾಳಿ ಹೊಡಿತದ.

ಹಾಸಿಗಿ ವಿಷಯ ಬಂತಲ್ಲ, ಗಾಳಿ ತುಂಬೋ ಮ್ಯಾಟಿಗೆ ಮೊದಲ ರಾತ್ರಿನೇ ಜಾಲಿ ಮುಳ್ಳು ಹೊಕ್ಕು ಕತಿ ಮುಗೀತು, ಈಗ ಫೋಮಿಂದಾ ಸೈ, ಗಾತ್ರ ದೊಡ್ಡದಾದ್ರೂ ಪಂಚರ್ ಇಲ್ಲ. ಸ್ಲೀಪಿಂಗ್ ಬ್ಯಾಗು 1.1 ಕಿಲೋ, ಅವ್ವ ಹೊಲದ ಕೌದಿ 2.3. ಹಸಿ ಆದ್ರ ಕೌದಿ ದಿನಪೂರ್ತಿ ಒಣಗಂಗಿಲ್ಲ, ಮಡಚಿದ್ರ ಅರ್ಧ ಸೀಟು ತಿಂತದ. ಲೆಕ್ಕದ ಪ್ರಕಾರ ಅದು ಮನ್ಯಾಗ ಇರಬೇಕು. ಆದ್ರ ಹ್ಯಾಮಕ್ಕಿನ್ಯಾಗ ಫೋಮ್ ಮ್ಯಾಟ್ ಜಾರಿ ಜಾರಿ ಕಾಲ ಕಡೆ ಹೋಗ್ತದ, ಕೌದಿ ಹಾಸಿದ್ರ ಹಾಸಿದಲ್ಲೇ ಇರತದ. ಮ್ಯಾಲ ಅದನ್ನ ಸೀಟಿಗೆ ಕಟ್ಟಿ ಅದರ ಮ್ಯಾಲ ಕುಂತ್ರ 160 ಕಿಲೋಮೀಟರ್ ಹೋದದ್ದು ಕುಂಡಿಗೆ ಗೊತ್ತಾಗಂಗಿಲ್ಲ.

ಈಗ ಹೊಂಡೋಕಿಂತ ಮೊದಲು ಫೋನ್ ಹಚ್ಚಿ ಕೇಳೋದು ಒಂದಾ, ಕಾಕು, ಹಿತ್ತಲದಾಗ ಎರಡು ಗಟ್ಟಿ ಗಿಡ ಅದಾವೇನು? ಅದಾವ ಅಂದ್ರ ಹ್ಯಾಮಕ್, ಇಲ್ಲಾಂದ್ರ ಟೆಂಟ್. ಕೌದಿ ಎರಡಕ್ಕೂ ಬರತದ. ಸೈಲೆನ್ಸರಿಗೆ ಹತ್ತಿ ಅದರ ಒಂದು ಮೂಲಿ ಸುಟ್ಟಿದ್ದು ಮಾತ್ರ ಇನ್ನಾ ಅವ್ವಗ ಹೇಳಿಲ್ಲ.